ಅಜ್ಜಿ ಕಿವಿಗೊಟ್ಟ ವರ್ಷ

ಒಣಗಿದ ಕೊಬ್ಬರಿಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಒಳಗಿನ ಗಿಟುಕು ಎರಡು ಸಲ ಬಡಿಯುತ್ತದೆ. ಹೋಗುವಾಗ ಒಂದು, ಹಿಂದಿರುಗುವಾಗ ಒಂದು. ಎರಡನೆಯದು ಸ್ವಲ್ಪ ಮೆಲ್ಲಗೆ.

ಹೋದ ತಿಂಗಳು ತುಮಕೂರಿನ ದಿನಸಿ ಅಂಗಡಿಯೊಂದರಲ್ಲಿ ಕೊಬ್ಬರಿ ಚೀಲದ ಬಾಯಿ ಬಿಚ್ಚಿದಾಗ ಆ ವಾಸನೆ ಬಂತು. ಎಣ್ಣೆ, ಹಳೆಯ ಗೋಣಿ, ಎಲ್ಲೋ ತಳದಲ್ಲಿ ಒಂದಿಷ್ಟು ಹೊಗೆ. ಜೊತೆಗೆ ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರಿದ್ದರು. ಅವರ ಅತ್ತೆಗೆ ಮರೆವು ಶುರುವಾಗಿದೆ. ಒಲೆ ಹಚ್ಚಿ ಮರೆಯುತ್ತಾರೆ, ಮಧ್ಯಾಹ್ನ ಬಾಗಿಲು ತೆಗೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಡುತ್ತಾರೆ. ನಿಮ್ಮ ಮನೆಯಲ್ಲೂ ಇತ್ತಲ್ಲ, ಏನು ಮಾಡುತ್ತಿದ್ದಿರಿ, ಯಾರನ್ನು ಕೇಳಬೇಕು, ಸ್ವಲ್ಪ ಬರೆದುಕೊಡಿ ಎಂದು ದಾರಿಯುದ್ದಕ್ಕೂ ಕೇಳಿದರು. ಮನೆಗೆ ಬಂದು ಹಳೆಯ ನೋಟ್‌ಬುಕ್ ಹುಡುಕಿ ಒಂದು ಪುಟದಷ್ಟು ಬರೆದುಕೊಟ್ಟೆ. ಒಂದು ಸಂಗತಿಯನ್ನು ಮಾತ್ರ ಬಿಟ್ಟೆ. ಅದನ್ನು ಬರೆದಿದ್ದರೆ ಅವರು ಉಳಿದದ್ದನ್ನೂ ನಂಬುತ್ತಿರಲಿಲ್ಲ.

ಅದು ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ನೊಣವಿನಕೆರೆ ಹತ್ತಿರದ ನಮ್ಮೂರಿಗೆ ವಾಪಸಾಗಿದ್ದೆ. ಕೆಲಸಕ್ಕೆ ಹಾಕಿದ ಅರ್ಜಿಗಳಿಗೆ ಉತ್ತರ ಬರುವವರೆಗೆ ಹಗಲಿನಲ್ಲಿ ಅಜ್ಜಿಯನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಹಗಲು ಬಿಟ್ಟು ಉಳಿದದ್ದೆಲ್ಲ ಅಮ್ಮನದು. ಅದಕ್ಕೆ ಹಿಂದಿನ ಎರಡು ವರ್ಷ ಹಗಲೂ ಅಮ್ಮನದೇ ಆಗಿತ್ತು.

ನಮ್ಮ ಕಡೆ ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಮಾರುವುದಿಲ್ಲ. ಸಿಪ್ಪೆಯ ಸಮೇತ ಅಟ್ಟಕ್ಕೇರಿಸಿ ಹತ್ತು ಹನ್ನೆರಡು ತಿಂಗಳು ಬಿಡುತ್ತೇವೆ. ಕೆಳಗಿನಿಂದ ಒಲೆಯ ಹೊಗೆ, ಮೇಲಿನಿಂದ ಹೆಂಚಿನ ಕಾವು. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಇಡಿಯ ಉಂಡೆಯಾಗುತ್ತದೆ, ಅದೇ ಗಿಟುಕು. ಆಗಿದೆಯೇ ಎಂದು ಒಡೆದು ನೋಡುವಂತಿಲ್ಲ, ಒಡೆದರೆ ಆ ಕಾಯಿಯ ಕಥೆ ಮುಗಿಯಿತು. ಕಿವಿಯೊಂದೇ ದಾರಿ. ಅಲ್ಲಾಡಿಸಿದಾಗ ನೀರು ಕುಲುಕಿದರೆ ಇನ್ನೂ ಬಿಡಬೇಕು, ಗಿಟುಕು ಬಡಿದರೆ ಇಳಿಸಬಹುದು. ಒಮ್ಮೆ ಇಳಿಸಿದ ಕಾಯಿಯನ್ನು ಯಾರೂ ಮತ್ತೆ ಅಟ್ಟಕ್ಕೆ ಹತ್ತಿಸುವುದಿಲ್ಲ.

ಅಪ್ಪನ ತಾಯಿ ನಿಂಗಮ್ಮ, ನಮ್ಮಜ್ಜಿ, ಈ ಕೆಲಸದಲ್ಲಿ ಸುತ್ತ ನಾಲ್ಕು ಊರಿಗೆ ಹೆಸರಾದವಳು. ಕಾಯನ್ನು ಎರಡು ಅಂಗೈಗಳ ನಡುವೆ ಹಿಡಿದು, ಕಣ್ಣು ಮುಚ್ಚಿ, ಒಂದೇ ಸಲ ಅಲ್ಲಾಡಿಸುತ್ತಿದ್ದಳು. ಅಟ್ಟ ಇಳಿಸುವ ದಿನ ಬೇರೆ ಮನೆಯವರೂ ಅವಳನ್ನು ಕರೆದೊಯ್ಯುತ್ತಿದ್ದರು. ನಮ್ಮ ಮನೆಯಲ್ಲಂತೂ ಮೊದಲ ಕಾಯಿಗೆ ಅವಳು ಕಿವಿಗೊಟ್ಟು 'ಇಳಿಸ್ಕಳಿ' ಅನ್ನದೆ ಏಣಿಗೆ ಯಾರೂ ಕಾಲಿಡುತ್ತಿರಲಿಲ್ಲ.

ನಾನು ಬರುವ ಹೊತ್ತಿಗೆ ಅವಳಿಗೆ ನನ್ನ ಹೆಸರು ಹೋಗಿತ್ತು. ಮಧ್ಯಾಹ್ನ ಎದ್ದು ಹೊರಟರೆ ತೋಟದಲ್ಲೋ, ಕೆರೆ ಏರಿಯ ಮೇಲೋ ಸಿಗುತ್ತಿದ್ದಳು. ಗಾಳಿ ಸೋಕಿದೆ, ತಾಯತ ಕಟ್ಟಿಸಿ ಎಂದು ಬೀದಿಯವರು ಅಪ್ಪನಿಗೆ ಹೇಳಿದ್ದರು. ಅದನ್ನು ತಡೆದವರು ಉಪಕೇಂದ್ರದ ನರ್ಸಮ್ಮ. ಮಕ್ಕಳಿಗೆ ಹನಿ ಹಾಕಲು ಬಂದವರು ನಮ್ಮ ಜಗಲಿಯಲ್ಲಿ ಕುಳಿತು ಅಜ್ಜಿಯನ್ನು ಅರ್ಧ ಗಂಟೆ ಮಾತಾಡಿಸಿದರು.

'ಗಾಳಿನೂ ಅಲ್ಲ, ಗ್ರಹನೂ ಅಲ್ಲ ಕಣ್ರೀ, ಮೆದುಳಿನ ಕಾಯಿಲೆ,' ಎಂದರು ಅಪ್ಪನಿಗೆ. 'ನೆನಪಿಲ್ವಾ ನೆನಪಿಲ್ವಾ ಅಂತ ಕೇಳ್ಬೇಡಿ. ಕೇಳಿದಷ್ಟೂ ಹೆದರ್ಕತಾರೆ.'

ಅವರ ಚೀಟಿ ಹಿಡಿದು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಒಮ್ಮೆ ಹೋಗಿಬಂದೆವು. ವಾಸಿಯಾಗುವುದಿಲ್ಲ, ಆದರೆ ಸುಲಭ ಮಾಡಬಹುದು ಎಂದು ಅಲ್ಲಿನ ಡಾಕ್ಟರು ಹೇಳಿದ ನಾಲ್ಕೈದು ಮಾತುಗಳನ್ನು ಬಸ್ಸಿನಲ್ಲೇ ಬರೆದುಕೊಂಡೆ. ಊಟ ಸ್ನಾನ ದಿನವೂ ಅದೇ ಹೊತ್ತಿಗೆ. ಬಚ್ಚಲಿನ ಬಾಗಿಲಿಗೆ ಎದ್ದು ಕಾಣುವ ಬಣ್ಣ. ಕೈಗೆ ಏನಾದರೂ ಕೆಲಸ. ಕೂಡಿಹಾಕಬೇಡಿ. ಒಬ್ಬರೇ ನೋಡಿಕೊಳ್ಳಬೇಡಿ, ಸರದಿ ಮಾಡಿಕೊಳ್ಳಿ. ಆ ನೋಟ್‌ಬುಕ್ ಶುರುವಾದದ್ದು ಹಾಗೆ. ಅಜ್ಜಿ ಎಷ್ಟು ಹೊತ್ತಿಗೆ ಎದ್ದಳು, ಏನು ತಿಂದಳು, ಎಷ್ಟು ಮಲಗಿದಳು, ಯಾವುದಕ್ಕೆ ಹೆದರಿದಳು, ಎಲ್ಲಕ್ಕೂ ಗೆರೆ ಹಾಕಿ ಸಾಲು ಮಾಡಿದೆ.

ನೊಣವಿನಕೆರೆಯ ಟೈಲರ್ ಬಾಷಾ ಸಾಬರು ಇನ್ನೊಂದು ಉಪಾಯ ಹೇಳಿದರು. ನಾನು ಅಜ್ಜಿಯ ಕೊರಳಿಗೆ ಹಾಕಲು ಹೆಸರಿನ ಪಟ್ಟಿ ಹೊಲಿಸಲು ಹೋಗಿದ್ದೆ.

'ಕೊರಳಿಗೆ ಕಟ್ಟಿದ್ರೆ ಕಿತ್ತಾಕ್ತಾರಮ್ಮ. ನಮ್ಮಮ್ಮಂಗೂ ಹಿಂಗೇ ಆಗಿತ್ತು,' ಎಂದರು ಹೊಲಿಗೆಯಿಂದ ತಲೆ ಎತ್ತದೆ. 'ಕುಪ್ಪಸದ ಒಳಗೆ ಬೆನ್ನ ಹತ್ರ ಹೊಲೀತೀನಿ. ಅವರಿಗೆ ಕಾಣಲ್ಲ, ಕೈಗೂ ಸಿಗಲ್ಲ. ಹುಡುಕ್ದೋರಿಗೆ ಸಿಗ್ತದೆ.'

ಎರಡು ಸಲ ಅಜ್ಜಿ ಆ ಹೊಲಿಗೆಯಿಂದಲೇ ಮನೆಗೆ ವಾಪಸ್ ಬಂದಳು. ಪಕ್ಕದ ಮನೆಯ ಗೌರಮ್ಮ ದಿನಾ ಮಧ್ಯಾಹ್ನ ಊಟವಾದ ಮೇಲೆ ಬಂದು ಎರಡು ಗಂಟೆ ಅವಳ ಜೊತೆ ಕೂರುತ್ತಿದ್ದರು. ಬೀದಿಯ ಇನ್ನಿಬ್ಬರು ಹೆಂಗಸರು ಸಂಜೆಗಳನ್ನು ಹಂಚಿಕೊಂಡಿದ್ದರು. ಕೈಗೆ ಕೆಲಸವೆಂದು ನಾವು ಒಂದು ಮೂಲೆಯಲ್ಲಿ ಹತ್ತಿಪ್ಪತ್ತು ಕಾಯಿ ಇಟ್ಟಿದ್ದೆವು. ಅವಳು ಅವನ್ನು ಒಂದೊಂದಾಗಿ ಎತ್ತಿ, ಕಿವಿಗೊಟ್ಟು, ಆಚೆ ಇಡುವಳು. ಮುಗಿದ ಮೇಲೆ ಈಚೆ ಇಡುವಳು. ಮನೆ ಒಂದು ಹದಕ್ಕೆ ಬಂದಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ನಾನು ಅವಳ ಮುಂದೆ ಕುಳಿತು ಅನ್ನ ಕಲಸುತ್ತಿದ್ದೆ. ಅವಳು ಕೈಯಲ್ಲಿದ್ದ ಕಾಯನ್ನು ಕೆಳಗಿಟ್ಟು, ನನ್ನ ತಲೆಯನ್ನು ಎರಡು ಅಂಗೈಗಳ ನಡುವೆ ಹಿಡಿದಳು. ಕಣ್ಣು ಮುಚ್ಚಿದಳು. ಒಂದು ಸಲ ಅಲ್ಲಾಡಿಸಿ, ಕಿವಿಯನ್ನು ನನ್ನ ನೆತ್ತಿಗೆ ಆನಿಸಿದಳು.

'ಇನ್ನೂ ನೀರೈತೆ ಕಣೇ,' ಎಂದಳು. 'ಇಳಿಸ್ಬೇಡಿ.'

ನಾವೆಲ್ಲ ನಕ್ಕೆವು. ಬೀದಿಯಲ್ಲಿ ಅದು ಒಂದು ತಮಾಷೆಯಾಯಿತು. ಬಂದವರೆಲ್ಲ ತಲೆ ಕೊಡುವರು, ಅಜ್ಜಿ ಎಲ್ಲರಿಗೂ ನೀರೈತೆ ಎನ್ನುವಳು, ಗಂಡಸರು ಹಾಗಾದರೆ ಇನ್ನೊಂದು ಮದುವೆಗೆ ಅಡ್ಡಿಯಿಲ್ಲ ಎಂದು ನಗಾಡುವರು. ಸಾಲು ಮನೆಯ ಕೊನೆಯ ರಂಗಪ್ಪ ತಾತನೂ ಒಂದು ಮಧ್ಯಾಹ್ನ ಬಂದು ರುಮಾಲು ತೆಗೆದು ಅವಳ ಮುಂದೆ ಬಾಗಿದ. ಅವನ ತಲೆಯನ್ನು ಅವಳು ಬಹಳ ಹೊತ್ತು ಹಿಡಿದುಕೊಂಡಳು. ಎರಡು ಸಲ ಅಲ್ಲಾಡಿಸಿದಳು. ಅವಳು ಎರಡು ಸಲ ಅಲ್ಲಾಡಿಸಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

'ಒಣಗೈತೆ,' ಎಂದಳು. 'ಇಳಿಸ್ಕಳಿ.'

'ಆಯ್ತು ಬುಡು ನಿಂಗಮ್ಮ, ನಾಳೆ ಸಂತೆಗೆ ಹೊತ್ಕಂಡ್ ಹೋಗ್ಲಿ,' ಎಂದು ತಾತ ನಗುತ್ತಾ ರುಮಾಲು ಸುತ್ತಿಕೊಂಡ. ಮೂರನೆಯ ದಿನ ಬೆಳಿಗ್ಗೆ, ಹಲ್ಲುಜ್ಜಲು ಕುಳಿತ ಕಲ್ಲಿನ ಮೇಲೆಯೇ, ತಂಬಿಗೆ ಕೈಯಲ್ಲಿದ್ದಂತೆ ಹೋಗಿಬಿಟ್ಟ.

ವಯಸ್ಸಾಗಿತ್ತು, ಹೋದ. ಆದರೆ ತಲೆ ಕೊಡುವ ತಮಾಷೆ ನಿಂತಿತು. ಹದಿನೈದು ದಿನದ ಮೇಲೆ ಗೌರಮ್ಮನ ಅತ್ತೆ ಕೋಲೂರಿಕೊಂಡು ಮಜ್ಜಿಗೆ ಕೇಳಲು ಬಂದಾಗ ಅಜ್ಜಿಯೇ ಎದ್ದುಹೋಗಿ ಅವರ ತಲೆ ಹಿಡಿದಳು. ನಾನು ಬಿಡಿಸುವಷ್ಟರಲ್ಲಿ ಎರಡನೆಯ ಸಲ ಅಲ್ಲಾಡಿಸಿ ಆಗಿತ್ತು.

ಆಮೇಲೆ ಆದದ್ದನ್ನು ಹೇಳುವುದು ಕಷ್ಟ. ಗೌರಮ್ಮನ ಮನೆಯವರು ಕೆಟ್ಟವರಲ್ಲ. ಆದರೆ ಇಳಿಸಿದ ಕಾಯಿಯನ್ನು ಮತ್ತೆ ಹತ್ತಿಸದ ಜನ ನಾವು. ಮಾರನೆಯ ದಿನವೇ ಮುದುಕಿಯ ಮಂಚವನ್ನು ಕೋಣೆಯಿಂದ ನಡುಮನೆಗೆ ತಂದರು. ನೆಂಟರಿಗೆ ಹೇಳಿ ಕಳಿಸಿದರು. ಕಾಲುನೋವಿನ ಮಾತ್ರೆ ಇನ್ನೇಕೆ ಎಂದು ನಿಲ್ಲಿಸಿದರು. ಬಂದವರು ಮಂಚದ ಸುತ್ತ ಕುಳಿತು, ಮುದುಕಿ ಎಷ್ಟು ಒಳ್ಳೆಯವಳಾಗಿದ್ದಳು ಎಂದು ಮಾತಾಡಿಕೊಳ್ಳುತ್ತಿದ್ದರು. ಗೌರಮ್ಮನ ಅತ್ತೆ ಕಣ್ಣು ಬಿಟ್ಟುಕೊಂಡು ಅದನ್ನೆಲ್ಲ ಕೇಳುತ್ತಾ ಮಲಗಿದ್ದರು. ನಾನು ಗಂಜಿ ತೆಗೆದುಕೊಂಡು ಹೋದಾಗ ತುಟಿ ಬಿಗಿಹಿಡಿದರು. ನಾಲ್ಕು ದಿನದ ಹಿಂದೆ ಮಜ್ಜಿಗೆ ಕೇಳಲು ತಾವೇ ನಡೆದು ಬಂದಿದ್ದವರು. ಹನ್ನೊಂದನೆಯ ದಿನಕ್ಕೆ ಮುಗಿಯಿತು.

ಗೌರಮ್ಮ ಬರುವುದನ್ನು ನಿಲ್ಲಿಸಿದರು. ಉಳಿದಿಬ್ಬರೂ ನಿಲ್ಲಿಸಿದರು. ಬೇರೆಯವರು ಬರತೊಡಗಿದರು. ಒಂದು ಮಧ್ಯಾಹ್ನ ತುರುವೇಕೆರೆ ಕಡೆಯಿಂದ ಒಂದು ಟೆಂಪೊ ಬಂದು ನಮ್ಮ ಮನೆ ಮುಂದೆ ನಿಂತಿತು. ಮುಂದಿನ ಸೀಟಿನಲ್ಲಿ ಒಗೆದ ಅಂಗಿ ತೊಟ್ಟ ಒಬ್ಬ ಮುದುಕ. ಅವನ ಸೊಸೆ ಇಳಿದು ಬಂದು ಅಮ್ಮನ ಕೈ ಹಿಡಿದುಕೊಂಡಳು.

'ಐದು ವರ್ಷದಿಂದ ಹಾಸಿಗೇಲೇ ಎಲ್ಲ ಮಾಡ್ತಾ ಇದ್ದೀನಿ ಕಣಕ್ಕ. ಕೆಟ್ಟದ್ದು ಕೇಳ್ತಿಲ್ಲ. ಇನ್ನೆಷ್ಟು ದಿನ ಅಂತ ಗೊತ್ತಾದ್ರೆ ಸಾಕು, ಅಷ್ಟು ದಿನ ಮಾಡ್ತೀನಿ.'

ಅವಳು ಅಳಲಿಲ್ಲ. ಅಮ್ಮ ಆಗಲ್ಲ ಎಂದಳು. ನರ್ಸಮ್ಮ ಯಾವ ದಿನ ಎಲ್ಲಿ ಸಿಗುತ್ತಾರೆ, ಮಲಗಿದವರ ಬೆನ್ನು ಹುಣ್ಣಾಗದಂತೆ ಹೊತ್ತುಹೊತ್ತಿಗೆ ಹೇಗೆ ಮಗ್ಗುಲು ಬದಲಿಸಬೇಕು ಎಂದೆಲ್ಲ ಹೇಳಿದಳು. ಅಷ್ಟರಲ್ಲಿ ಅಜ್ಜಿ ಒಳಗಿನಿಂದ ಬಂದು ಟೆಂಪೊದ ಹತ್ತಿರ ನಿಂತಿದ್ದಳು. ಮುದುಕ ಅವಳನ್ನು ನೋಡಿ ಮುಗುಳ್ನಕ್ಕು, ಯಾರೂ ಹೇಳದೆಯೇ, ಕಿಟಕಿಯಿಂದ ತಲೆಯನ್ನು ಹೊರಗೆ ಬಾಗಿಸಿದ. ಅಮ್ಮ ಓಡಿಹೋಗಿ ನಡುವೆ ಕೈ ಇಟ್ಟಳು.

ಅದಾದ ವಾರಕ್ಕೆ, ಬೆಳಿಗ್ಗೆ, ಅಮ್ಮ ಅಜ್ಜಿಯ ತಲೆ ಬಾಚುತ್ತಿದ್ದಳು. ನಾನು ನೋಟ್‌ಬುಕ್ಕಿನಲ್ಲಿ ಅಜ್ಜಿ ಎದ್ದ ಹೊತ್ತನ್ನು ಬರೆಯುತ್ತಿದ್ದೆ. ಅಪ್ಪ ಹೊಸ್ತಿಲ ಮೇಲೆ ಕುಳಿತು ಕಾಫಿ ಕುಡಿಯುತ್ತಿದ್ದರು. ಅಜ್ಜಿ ತಿರುಗಿ ಅಮ್ಮನ ತಲೆ ಹಿಡಿದಳು. ಅಮ್ಮ ಬಿಡಿಸಿಕೊಳ್ಳಲಿಲ್ಲ. ದಣಿದವರು ಯಾರಾದರೂ ತಲೆ ಹಿಡಿದರೆ ಹೇಗೆ ಬಿಟ್ಟುಕೊಡುತ್ತಾರೋ ಹಾಗೆ ಬಿಟ್ಟುಕೊಟ್ಟಳು. ಒಂದು ಸಲ. ಇನ್ನೊಂದು ಸಲ.

'ಒಣಗೈತೆ.'

ಅಪ್ಪ ಅವತ್ತೇ ತಿಪಟೂರಿನಿಂದ ಕಬ್ಬಿಣದ ಚಿಲಕ ತಂದು ಅಟ್ಟದ ಕೆಳಗಿದ್ದ ಅಜ್ಜಿಯ ಕೋಣೆಯ ಬಾಗಿಲಿಗೆ ಹೊರಗಡೆಯಿಂದ ಜಡಿದರು. ಡಾಕ್ಟರು ಹೀಗೆ ಮಾಡಬೇಡಿ ಎಂದದ್ದನ್ನು ಓದಿ ತೋರಿಸಿದೆ.

'ಕಾಯಿಲೆ ಅಂತ ನಂಗೂ ಗೊತ್ತು ಕಣಮ್ಮ,' ಎಂದರು. 'ಅವಳು ನನ್ನ ತಾಯಿ. ಆದ್ರೆ ಇನ್ನೊಂದು ತಲೆ ಮುಟ್ಟಂಗಿಲ್ಲ. ನಿಮ್ಮಮ್ಮ ನೆಟ್ಟಗಿದ್ರೆ ಆಮೇಲೆ ಚಿಲಕದ ಮಾತು.'

ಊಟಕ್ಕೆ, ಸ್ನಾನಕ್ಕೆ ಮಾತ್ರ ಬಾಗಿಲು ತೆರೆಯುತ್ತಿದ್ದೆ. ಉಳಿದ ಹೊತ್ತು ಅಜ್ಜಿ ಒಳಗಿನಿಂದ ಬಡಿಯುತ್ತಿದ್ದಳು. ಕೂಗುತ್ತಿರಲಿಲ್ಲ. ಒಂದು ಬಡಿತ, ಅದರ ಹಿಂದೆಯೇ ಮೆಲ್ಲಗೆ ಇನ್ನೊಂದು. ಶಿವರಾತ್ರಿ ಕಳೆದು ಹೆಂಚು ಕಾಯುವ ಕಾಲ. ಅಟ್ಟದಲ್ಲಿ ಇಲಿ ಓಡಿ ಕಾಯಿ ಹೊರಳಿದರೆ ಗಿಟುಕು ಅದೇ ರೀತಿ ಬಡಿಯುತ್ತದೆ. ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಕುಳಿತಾಗ ಶಬ್ದ ಬಾಗಿಲಿನದೋ ಅಟ್ಟದ್ದೋ ನನಗೆ ತಿಳಿಯುತ್ತಿರಲಿಲ್ಲ. ಬಾಗಿಲು ತೆರೆದು ನೋಡಿದರೆ ಅವಳು ಎಷ್ಟೋ ಸಲ ದೂರದ ಗೋಡೆಗೆ ಒರಗಿ ನಿದ್ದೆ ಹೋಗಿರುತ್ತಿದ್ದಳು. ಅವಳ ತಟ್ಟೆಯಲ್ಲಿ ದಿನದಿನಕ್ಕೆ ಹೆಚ್ಚು ಅನ್ನ ಉಳಿಯತೊಡಗಿತು. ಅದನ್ನೂ ಬರೆದೆ.

ಅಮ್ಮ ಕೆಲಸದ ನಡುವೆ ನನ್ನನ್ನು ಕರೆದು, ಉಪ್ಪಿನಕಾಯಿಗೆ ಉಪ್ಪು ಎಷ್ಟು ಹಿಡಿ ಎಂದು ತೋರಿಸಿದಳು. ಸೊಪ್ಪಿನ ಬೀಜ ಯಾವ ಡಬ್ಬಿಯಲ್ಲಿದೆ, ಅಪ್ಪನಿಗೆ ಯಾವ ಬೇಳೆ ಆಗಿಬರುವುದಿಲ್ಲ, ಎಲ್ಲ ಹೇಳಿದಳು. ಒಂದು ದಿನ ಪೆಟ್ಟಿಗೆ ತೆಗೆದು, ಮಾಸಲು ಹಸಿರಿನ ಒಂದು ಸೀರೆಯನ್ನು ಮೇಲೆ ಇಟ್ಟಳು. 'ಇದು ಮೇಲೇ ಇರ್ಲಿ ಕಣೇ, ಹುಡುಕೋದು ತಪ್ತದೆ,' ಎಂದಳು.

ಆ ಮಧ್ಯಾಹ್ನ ನಾನು ನೋಟ್‌ಬುಕ್ಕನ್ನು ಮೊದಲ ಪುಟದಿಂದ ತಿರುವಿದೆ. ಅಜ್ಜಿಯ ನಿದ್ದೆ, ಅಜ್ಜಿಯ ಊಟ, ಅಜ್ಜಿಯ ಭಯ. ಅಮ್ಮ ಎಷ್ಟು ಹೊತ್ತು ಮಲಗಿದಳು, ಏನು ತಿಂದಳು ಎಂಬುದಕ್ಕೆ ಎಲ್ಲಿಯೂ ಒಂದು ಸಾಲಿರಲಿಲ್ಲ. ಅವಳು ಕೊನೆಯಲ್ಲಿ ಉಣ್ಣುತ್ತಿದ್ದಳು, ಪಾತ್ರೆಯಿಂದಲೇ. ಅದು ನನಗೆ ಗೊತ್ತಿತ್ತು. ಬರೆಯುವ ವಿಷಯ ಎಂದು ತೋರಿರಲಿಲ್ಲ.

ನರ್ಸಮ್ಮನನ್ನು ಕರೆತಂದೆ. ಅವರು ಅಮ್ಮನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಒಳಗೆಲ್ಲ ಸುಣ್ಣದಂತೆ ಬಿಳಿ. ತಿಪಟೂರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ, ರಕ್ತ ಇಷ್ಟು ಕಡಿಮೆಯಿದ್ದೂ ಈ ಹೆಂಗಸು ಎದ್ದು ಓಡಾಡುತ್ತಿರುವುದೇ ಆಶ್ಚರ್ಯ ಎಂದರು ಅಲ್ಲಿಯ ಡಾಕ್ಟರು. ಅಜ್ಜಿಯ ಮಾತನ್ನು ನಾನು ನರ್ಸಮ್ಮನಿಗೆ ಹೇಳಿದೆ. ಅವರು ನಗಲಿಲ್ಲ.

'ಸುಸ್ತಾದೋರ ಕತ್ತಿಗೆ ಬಿಗಿ ಇರಲ್ಲಮ್ಮ, ಹಿಡಿದ್ರೆ ವಾಲ್ತದೆ. ಜನ್ಮವೆಲ್ಲ ಕಾಯಿ ತೂಗಿದ ಕೈ, ಅದಕ್ಕೆ ಗೊತ್ತಾಗಿರ್ಬೋದು. ಅಜ್ಜಿ ಕೈಗೆ ಸಿಕ್ಕಿದ್ದು, ಓದಿದೋಳು, ನಿನ್ನ ಕಣ್ಣಿಗೆ ಸಿಗ್ಲಿಲ್ವಲ್ಲ. ನೋಡ್ಕಳೋರನ್ನ ನೋಡ್ಕಳೋರು ಯಾರು?'

ಈ ಕೊನೆಯ ಮಾತನ್ನು ಸಹೋದ್ಯೋಗಿಗೆ ಕೊಟ್ಟ ಪುಟದಲ್ಲಿ ಎಲ್ಲಕ್ಕಿಂತ ಮೇಲೆ ಬರೆದಿದ್ದೇನೆ. ಕತ್ತಿನ ವಿವರಣೆಯನ್ನು ಆಗಲೂ ಅರ್ಧ ನಂಬಿದೆ, ಈಗಲೂ ಅರ್ಧ ನಂಬುತ್ತೇನೆ.

ಅಮ್ಮನನ್ನು ಹುಳಿಯಾರಿನ ಚಿಕ್ಕಮ್ಮನ ಮನೆಗೆ ಕಳಿಸಿದೆವು. ಮಾತ್ರೆ, ಸೊಪ್ಪು, ನಿದ್ದೆ. ಒಂದೂವರೆ ತಿಂಗಳು ಯಾವ ಕೆಲಸವೂ ಇಲ್ಲ. ಹೊರಡುವಾಗ ಅವಳು ಮನೆಯನ್ನು ಕೊನೆಯ ಸಲ ನೋಡುವಂತೆ ನೋಡಿದಳು. ನಾನು ಆ ಹಸಿರು ಸೀರೆಯನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ. ಚಿಲಕದ ವಿಷಯದಲ್ಲಿ ಅಪ್ಪ ಬಗ್ಗಲಿಲ್ಲ. ಅವಳು ವಾಪಸ್ ಬರಲಿ ಎಂದರು.

ಅಟ್ಟ ಇಳಿಸುವ ದಿನವೇ ಅಮ್ಮ ಬಂದಳು. ಕೆನ್ನೆಗೆ ಬಣ್ಣ ಬಂದಿತ್ತು, ಬಸ್ಸಿನಿಂದ ಚೀಲವನ್ನು ತಾನೇ ಹಿಡಿದು ತಂದಳು. ಅಂಗಳದಲ್ಲಿ ಆಳುಗಳು ಏಣಿ ಹಾಕಿಕೊಂಡು ನಿಂತಿದ್ದರು. ಗೌರಮ್ಮ ತಮ್ಮ ಜಗಲಿಯಿಂದ ಈಚೆ ನೋಡುತ್ತಿದ್ದರು. ಮೊದಲ ಕಾಯಿಗೆ ಕಿವಿಗೊಡುವವರು ಯಾರು ಎಂದು ಯಾರೂ ಕೇಳಲಿಲ್ಲ. ಒಳಗಿನಿಂದ ಬಡಿತ ಬಂತು, ಅದರ ಹಿಂದೆ ಇನ್ನೊಂದು. ಆಳುಗಳಲ್ಲೊಬ್ಬ ತಲೆಯೆತ್ತಿ ಅಟ್ಟದ ಕಡೆ ನೋಡಿದ.

ಅಮ್ಮ ಚೀಲವನ್ನು ಕೆಳಗಿಟ್ಟು, ನೇರ ಹೋಗಿ ಚಿಲಕ ಸರಿಸಿ, ಅಜ್ಜಿಯ ಕೈ ಹಿಡಿದು ಅಂಗಳಕ್ಕೆ ತಂದಳು. ಅಪ್ಪ ಬೇಡ ಎಂದರು. ಅಮ್ಮ ಅವಳ ಮುಂದೆ ಮಂಡಿಯೂರಿ ಕುಳಿತು ತಲೆ ಬಾಗಿಸಿದಳು.

'ಇನ್ನೊಂದ್ಸಲ ನೋಡತ್ತೆ. ನಾನು ವಾಪಸ್ ಹತ್ತಿದ್ದೀನಿ.'

ಅಜ್ಜಿ ಅಮ್ಮನ ತಲೆಯನ್ನು ಅಂಗೈಗಳ ನಡುವೆ ಹಿಡಿದಳು. ಎಲ್ಲರೂ ನೋಡುತ್ತಿದ್ದರು. ಅವಳು ಅಲ್ಲಾಡಿಸಲಿಲ್ಲ. ಮುಂದೆ ಏನು ಮಾಡಬೇಕೆಂದು ಕೈಗಳಿಗೆ ತಿಳಿಯದಂತೆ ಹಾಗೆಯೇ ನಿಂತಳು. ಆಮೇಲೆ ಬೈತಲೆ ಬಿಡಿಸಿ ಹೇನು ಹುಡುಕತೊಡಗಿದಳು. ಆಳುಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಅಪ್ಪ ಒಂದು ಕಾಯಿ ತರಿಸಿ ಅವಳ ಕೈಗಿಟ್ಟರು. ಬೂದುಬಣ್ಣದ ಒಣ ಸಿಪ್ಪೆಯ ಕಾಯಿ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಸಿಪ್ಪೆಯ ನಾರನ್ನು ಕೂದಲಿನಂತೆ ಸವರಿ ಹಿಂದಕ್ಕೆ ತಳ್ಳಿದಳು.

'ಇದ್ಯಾರ ತಲೆ?' ಎಂದು ಅಪ್ಪನನ್ನು ಕೇಳಿದಳು.

ನಗುತ್ತಿದ್ದವನು ನಗು ನಿಲ್ಲಿಸಿದ. ಅಪ್ಪ ಕಾಯಿಯನ್ನು ಅವಳ ಕೈಯಿಂದ ತೆಗೆದುಕೊಂಡು, ಮುಖ ಆಚೆ ತಿರುಗಿಸಿ, ತಾವೇ ಅಲ್ಲಾಡಿಸಿ ನೋಡಿ, ಇಳಿಸಿ ಎಂದರು. ಕಾಯಿಗಳು ಉರುಳತೊಡಗಿದವು. ಆ ಸದ್ದಿನ ನಡುವೆ ಅಜ್ಜಿ ತನ್ನ ತಲೆಯನ್ನು ತಾನೇ ಎರಡು ಕೈಗಳಲ್ಲಿ ಹಿಡಿದು ಅಲ್ಲಾಡಿಸುತ್ತಿದ್ದುದನ್ನು ನೋಡಿದವಳು ನಾನೊಬ್ಬಳೇ. ಅಲ್ಲಾಡಿಸಿ, ಕೇಳಿಸಿಕೊಂಡು, ಮತ್ತೆ ಅಲ್ಲಾಡಿಸಿದಳು. ತನ್ನ ತಲೆಗೆ ತನ್ನ ಕಿವಿ ಆನಿಸಲು ಬರುವುದಿಲ್ಲವಲ್ಲ. ಆಮೇಲೆ ನನ್ನ ಕಡೆ ನೋಡಿದಳು. ಹೆಸರು ಹೋದ ಮೇಲೆ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ. ಅವಳು ಏನೋ ಕೇಳುತ್ತಿದ್ದಳು, ನಾನು ಕಾಯಿ ಎಣಿಸುವವರ ಕಡೆ ತಿರುಗಿಕೊಂಡೆ.

ಮಾರನೆಯ ಬೆಳಿಗ್ಗೆ ಮನೆಯಲ್ಲಿ ಯಾವ ಬಡಿತವೂ ಇರಲಿಲ್ಲ. ಅಟ್ಟ ಖಾಲಿಯಾಗಿತ್ತು. ಅಪ್ಪ ತೋಟಕ್ಕೆ ಹೋಗುವ ಮುಂಚೆ ತಿರುಪುಳಿಯನ್ನು ಕಿಟಕಿಯ ಮೇಲೆ ಇಟ್ಟಿದ್ದರು. ಬಾಗಿಲಿನ ಚಿಲಕದ ನಾಲ್ಕು ತಿರುಪುಮೊಳೆಗಳನ್ನು ತಿರುಗಿಸಿ ಕಿತ್ತು ಜೇಬಿಲ್ಲದ ಲಂಗದ ಸೊಂಟಕ್ಕೆ ಸಿಕ್ಕಿಸಿಕೊಂಡೆ. ನೋಟ್‌ಬುಕ್ಕಿನಲ್ಲಿ ಹೊಸದೊಂದು ಗೆರೆ ಎಳೆದು ಅಮ್ಮನ ಹೆಸರು ಬರೆದು, ಅವಳು ಇನ್ನೂ ಮಲಗಿದ್ದಾಳೆ ಎಂದು ಬರೆದೆ. ಆಮೇಲೆ ಒಳಗೆ ಹೋಗಿ ಅಜ್ಜಿಯ ಮುಂದೆ ಕುಳಿತೆ. ಅವಳ ತಲೆಯನ್ನು ಎರಡು ಅಂಗೈಗಳ ನಡುವೆ ಹಿಡಿದು, ಒಂದೇ ಸಲ ಅಲ್ಲಾಡಿಸಿ, ನೆತ್ತಿಗೆ ಕಿವಿ ಆನಿಸಿದೆ. ಕೇಳಿಸಿದ್ದನ್ನು ಯಾರಿಗೂ ಹೇಳಿಲ್ಲ.

'ಇನ್ನೂ ನೀರೈತೆ ಅಜ್ಜಿ,' ಎಂದೆ.

'ಹಂಗಾರೆ ಇಳಿಸ್ಬೇಡಿ,' ಎಂದಳು. ನಾನು ಬಾಗಿಲನ್ನು ಗೋಡೆಯವರೆಗೆ ತೆರೆದು, ಅದು ಮತ್ತೆ ಮುಚ್ಚಿಕೊಳ್ಳದಂತೆ ಅಂಗಳದಲ್ಲಿ ಉಳಿದಿದ್ದ ಒಂದು ಕಾಯಿ ತಂದು ಅಡ್ಡ ಇಟ್ಟೆ.